ಆಮೆಯ ಒಡಲನ್ನು ಅರಸುವ ಶಬ್ದ

ತನ್ನ ಮನೆಯನ್ನು ತಾನೇ ಹೊತ್ತು ತಿರುಗುವ ಪ್ರಾಣಿಯೆಂದು ಆಮೆಯನ್ನು ವರ್ಣಿಸುವುದುಂಟು. ಮಾತು ಕೇಳಲು ಚೆನ್ನಾಗಿದ್ದರೂ ಪೂರ್ತಿ ನಿಜವಲ್ಲ. ಮನೆಯಾದರೆ ಬೇಕೆಂದಾಗ ಬಿಟ್ಟು ಹೊರಗೆ ಬರಬಹುದು; ಆಮೆಯಾದರೋ ತನ್ನ ಚಿಪ್ಪನ್ನು ಬಿಟ್ಟು ಬರಲಾರದು. ಏಕೆಂದರೆ ಆ ಚಿಪ್ಪು ಅದರ ಅಸ್ಥಿಪಂಜರದ ಒಂದು ಭಾಗವೇ ಆಗಿದೆ. ನಮ್ಮ ಬೆನ್ನುಮೂಳೆಗೂ ಪಕ್ಕೆಲುಬುಗಳಿಗೂ ಸಮನಾದ ಎಲುಬುಗಳು ಆಮೆಯಲ್ಲಿ ಅಗಲವಾಗಿ ಹರಡಿ, ಒಂದರೊಡನೊಂದು ಬೆಸೆದುಕೊಂಡು ಬೆನ್ನುಚಿಪ್ಪಾಗಿವೆ. ಕೆಳಗಡೆ ಹೊಟ್ಟೆಚಿಪ್ಪು ಇದೆ. ಇವೆರಡನ್ನೂ ಇಕ್ಕೆಲಗಳಲ್ಲಿ ಎಲುಬಿನ ಸೇತುವೆಗಳು ಕೂಡಿಸುತ್ತವೆ. ಇಷ್ಟರ ಮೇಲೆ, ನಮ್ಮ ಉಗುರು ಮತ್ತು ದನದ ಕೊಂಬು ಇವುಗಳಲ್ಲಿರುವ ದ್ರವ್ಯದ ಜಾತಿಗೇ ಸೇರಿದ ಗಟ್ಟಿಯಾದ ಹಲ್ಲೆಗಳ ಹೊದಿಕೆಯೂ ಇರುತ್ತದೆ.

ನರಿಯ ಹಲ್ಲಿಗೆ ಜಗ್ಗದ ಈ ಕೋಟೆಯು ವೈದ್ಯನ ಕೈಗೂ ಜಗ್ಗುವುದಿಲ್ಲ. ಹಸುವಿಗೋ ನಾಯಿಗೋ ಕಾಯಿಲೆಯಾದರೆ ಪಶುವೈದ್ಯನು ಹೊಟ್ಟೆಯನ್ನು ಒತ್ತಿ ನೋಡುತ್ತಾನೆ, ಎದೆಗೆ ನಳಿಗೆಯಿಟ್ಟು ಕೇಳುತ್ತಾನೆ. ಆಮೆಯ ವಿಷಯದಲ್ಲಿ ಈ ಎರಡು ಉಪಾಯಗಳೂ ಬಹುಮಟ್ಟಿಗೆ ವ್ಯರ್ಥ. ಆಮೆ ನರಳುವುದಿಲ್ಲ, ಕೂಗುವುದಿಲ್ಲ. ವಾರಗಟ್ಟಲೆ ಅದು ಮೇವು ಮುಟ್ಟದಿದ್ದರೆ ಕಾಯಿಲೆಯೇ ಕಾರಣವೆಂದು ಹೇಳುವಂತಿಲ್ಲ. ಚಳಿಗಾಲದ ಅಥವಾ ಬೇಸಗೆಯ ಸಹಜವಾದ ಉಪವಾಸವೂ ಆಗಿರಬಹುದು. ಹಿಂದಿನ ಪ್ರಾಣಿಶಾಸ್ತ್ರಜ್ಞರು ಆಮೆಯ ಒಳಗಿನ ಸಂಗತಿಯನ್ನು ಅರಿತದ್ದು ಹೆಚ್ಚಾಗಿ ಸತ್ತ ಆಮೆಯನ್ನು ಕೊಯ್ದು. ಆದರೆ ಜಗತ್ತಿನಲ್ಲಿ ಐವತ್ತೇ ಉಳಿದಿರುವ ಒಂದು ಜಾತಿಯ ಆಮೆ ಏಕೆ ಮೊಟ್ಟೆಯಿಡುತ್ತಿಲ್ಲವೆಂದು ತಿಳಿಯಬೇಕಾದಾಗ ಕೊಯ್ದು ನೋಡುವ ಮಾತೆಲ್ಲಿಯದು? ಅಂಥ ಪ್ರಸಂಗ ನಿಜವಾಗಿಯೂ ಬಂದಿತು. ಆಗ ನೆರವಿಗೆ ಬಂದದ್ದು ನಮ್ಮ ಕಿವಿಗೆ ಕೇಳಿಸದ ಶಬ್ದ. ಆ ಶಬ್ದ ಎಂಥದು, ಚಿಪ್ಪಿನೊಳಕ್ಕೆ ಅದು ಹೊಗುವ ದಾರಿ ಯಾವುದು, ಅಲ್ಲಿಂದ ಅದು ತರುವ ಸುದ್ದಿಯೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೇಳಿಸದ ಶಬ್ದ

ಶಬ್ದವೆಂದರೆ ವಸ್ತುವಿನ ಕಂಪನದಿಂದ ಹುಟ್ಟಿ ಗಾಳಿ, ನೀರು, ಲೋಹ ಮುಂತಾದ ಮಾಧ್ಯಮಗಳಲ್ಲಿ ಹರಿಯುವ ಅಲೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಸೆಕೆಂಡಿಗೆ ಸುಮಾರು 20ರಿಂದ 20,000 ಸಲ ಕಂಪಿಸುವ ಅಲೆಗಳನ್ನು ಮಾತ್ರ ಮನುಷ್ಯನ ಕಿವಿ ಗ್ರಹಿಸಬಲ್ಲುದು. ಇದನ್ನು ಮೀರಿದ ಕಂಪನವುಳ್ಳ ಶಬ್ದಕ್ಕೆ ಶ್ರವಣಾತೀತ ಶಬ್ದವೆಂದು ಹೆಸರು. ಕತ್ತಲಲ್ಲಿ ಹಾರುವ ಬಾವಲಿಗಳು ಇಂಥ ಶಬ್ದವನ್ನು ಹೊರಡಿಸಿ ಅದರ ಮಾರ್ದನಿಯಿಂದಲೇ ಹುಳುಗಳನ್ನು ಪತ್ತೆಮಾಡುತ್ತವೆ. ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬಳಕೆಯಾಗುವುದೂ ಈ ಶಬ್ದವೇ.

ಒಳಗನ್ನು ನೋಡಲು ಇಷ್ಟು ತೀವ್ರವಾದ ಕಂಪನ ಏಕೆ ಬೇಕು? ಕೆರೆಯಲ್ಲಿ ನೆಟ್ಟ ತೆಳುವಾದ ಜೊಂಡಿನ ಕಡ್ಡಿಯನ್ನು ದೊಡ್ಡ ಅಲೆಯೊಂದು ಲಕ್ಷಿಸದೆ ದಾಟಿಹೋಗುತ್ತದೆ. ಅದೇ ಅಲೆ ಹೆಬ್ಬಂಡೆಗೆ ತಗುಲಿದರೆ ಹಿಂದಿರುಗುತ್ತದೆ. ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರಕ್ಕೆ ತರಂಗದೂರವೆಂದು ಹೆಸರು. ಈ ತರಂಗದೂರಕ್ಕಿಂತ ಬಹಳ ಚಿಕ್ಕದಾದ ವಸ್ತುವಿನ ವಿವರವನ್ನು ಅಲೆ ನಮಗೆ ತಿಳಿಸಲಾರದು. ಪ್ರಾಣಿಗಳ ಮೆದುವಾದ ಅಂಗಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ವೇಗವನ್ನು ಕಂಪನದ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆಯಷ್ಟೆ. ಸೆಕೆಂಡಿಗೆ 1000 ಸಲ ಕಂಪಿಸುವ, ಕಿವಿಗೆ ಕೇಳಿಸುವ ಸ್ವರವನ್ನು ತೆಗೆದುಕೊಂಡರೆ ಅದರ ತರಂಗದೂರ ಒಂದೂವರೆ ಮೀಟರಿಗೂ ಹೆಚ್ಚು. ಇಡೀ ಆಮೆಯೇ ಅಂಥ ಅಲೆಗೆ ಲೆಕ್ಕಕ್ಕಿಲ್ಲ. ಕಂಪನವನ್ನು 50 ಲಕ್ಷಕ್ಕೆ ಏರಿಸಿದರೆ ತರಂಗದೂರ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಮೆಯಾಗುತ್ತದೆ. ಒಂದು ಕೋಟಿಗೆ ಏರಿಸಿದರೆ ಅದರಲ್ಲಿಯೂ ಅರ್ಧವಾಗುತ್ತದೆ. ಆಗ ಸಾಸುವೆ ಕಾಳಿನಷ್ಟು ಚಿಕ್ಕದಾದ ವಸ್ತುವೂ ಅಲೆಗೆ ಗೋಚರಿಸುತ್ತದೆ.

ಆದರೆ ಇಲ್ಲಿ ಒಂದು ತೊಡಕುಂಟು. ಕಂಪನ ಹೆಚ್ಚಿದಂತೆಲ್ಲ ಅಲೆ ಅಂಗಗಳಲ್ಲಿ ಬೇಗ ಹೀರಲ್ಪಡುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಆದುದರಿಂದ ಅಂಗೈಯಗಲದ ಆಮೆಗೆ ಸೆಕೆಂಡಿಗೆ ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚಿನ ಕಂಪನವನ್ನೂ, ಗಲಪಗೋಸ್ ದ್ವೀಪಗಳ ದೈತ್ಯ ಆಮೆಗೆ ಅದರ ಮೂರನೆಯ ಒಂದು ಭಾಗದಷ್ಟನ್ನೂ ಆರಿಸಿಕೊಳ್ಳಬೇಕಾಗುತ್ತದೆ. ಸೂಕ್ಷ್ಮತೆ ಬೇಕಾದರೆ ಆಳವನ್ನು ಬಿಡಬೇಕು, ಆಳ ಬೇಕಾದರೆ ಸೂಕ್ಷ್ಮತೆಯನ್ನು ಬಿಡಬೇಕು.

ಇಂಥ ಶಬ್ದವನ್ನು ಹುಟ್ಟಿಸುವ ಬಗೆಗೆ ಅಡಿಪಾಯ ಬಿದ್ದುದು 1880ರಲ್ಲಿ. ಆ ವರ್ಷ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಝಾಕ್ ಕ್ಯೂರಿ, ಬೆಣಚಿನಂಥ ಕೆಲವು ಹರಳುಗಳನ್ನು ಅದುಮಿದಾಗ ಅವುಗಳ ಮೈಮೇಲೆ ವಿದ್ಯುತ್ತು ತೋರುವುದನ್ನು ಕಂಡುಹಿಡಿದರು. ಇದರ ವಿಲೋಮವೂ ನಿಜ; ಹರಳಿಗೆ ವಿದ್ಯುತ್ತನ್ನು ಊಡಿದರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ವಿದ್ಯುತ್ತಿನ ದಿಕ್ಕನ್ನು ಸೆಕೆಂಡಿಗೆ ಲಕ್ಷಾಂತರ ಸಲ ಬದಲಿಸಿದರೆ ಹರಳು ಅಷ್ಟೇ ಸಲ ಕಂಪಿಸಿ ಶ್ರವಣಾತೀತ ಶಬ್ದವನ್ನು ಹೊರಡಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಲ್ಯಾಂಜೆವಿನ್ ಎಂಬ ಫ್ರೆಂಚ್ ವಿಜ್ಞಾನಿ ಬೆಣಚಿನ ಹರಳುಗಳಿಂದಲೇ ಸಮುದ್ರದಲ್ಲಿ ಅಡಗಿದ ಜಲಾಂತರ್ಗಾಮಿಗಳನ್ನು ಹುಡುಕುವ ಯಂತ್ರವನ್ನು ರೂಪಿಸಿದನು. ಮುಂದೆ ಲೋಹದ ಎರಕಗಳಲ್ಲಿರುವ ಒಳಬಿರುಕುಗಳನ್ನು ಪತ್ತೆಮಾಡಲು ಕಾರ್ಖಾನೆಗಳಲ್ಲಿ ಇದೇ ತತ್ತ್ವವನ್ನು ಬಳಸತೊಡಗಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಅಯಾನ್ ಡೊನಾಲ್ಡ್ ಮತ್ತು ಅವನ ಸಂಗಡಿಗರು ಕಾರ್ಖಾನೆಯ ಈ ಯಂತ್ರವನ್ನೇ ಮನುಷ್ಯನ ಹೊಟ್ಟೆಯ ಪರೀಕ್ಷೆಗೆ ಅಳವಡಿಸಿ, ಫಲಿತಾಂಶಗಳನ್ನು 1958ರಲ್ಲಿ ಪ್ರಕಟಿಸಿದರು. ಆಮೆಯ ಚಿಪ್ಪಿನ ಬಳಿಗೆ ಬಂದುದು ಈ ವಂಶದ ಯಂತ್ರವೇ.

ಮಾರ್ದನಿಯ ಲೆಕ್ಕ

ಪರೀಕ್ಷೆಯಲ್ಲಿ ವೈದ್ಯನು ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಶೋಧಕವೆನ್ನೋಣ. ಅದರ ತುದಿಯಲ್ಲಿ ಕಂಪಿಸುವ ಹರಳುಗಳ ಸಾಲಿರುತ್ತದೆ. ಈಗ ಬೆಣಚಿನ ಬದಲು ವಿಶೇಷವಾದ ಪಿಂಗಾಣಿ ದ್ರವ್ಯವನ್ನು ಹೆಚ್ಚಾಗಿ ಬಳಸುತ್ತಾರೆ. ಶೋಧಕವು ಶಬ್ದದ ಒಂದು ಚಿಕ್ಕ ತುಣುಕನ್ನು ಒಳಕ್ಕೆ ಕಳುಹಿಸಿ, ಕೂಡಲೇ ಮೌನವಾಗಿ, ಹಿಂದಿರುಗುವ ಮಾರ್ದನಿಗಾಗಿ ಕಾಯುತ್ತದೆ. ಒಂದು ಮಾರ್ದನಿ ಸೆಕೆಂಡಿನ ಹತ್ತು ಲಕ್ಷದಲ್ಲಿ 40 ಭಾಗದಷ್ಟು ಕಾಲದ ಮೇಲೆ ಬಂದಿತೆನ್ನೋಣ. ಆ ಅವಧಿಯಲ್ಲಿ ಶಬ್ದ ಸುಮಾರು 6 ಸೆಂಟಿಮೀಟರು ಕ್ರಮಿಸಿರುತ್ತದೆ. ಹೋಗಿ ಬಂದ ದಾರಿ ಅಷ್ಟಾದುದರಿಂದ ಅದನ್ನು ಹಿಂದಿರುಗಿಸಿದ ಅಂಗ 3 ಸೆಂಟಿಮೀಟರು ಆಳದಲ್ಲಿದೆಯೆಂದು ತಿಳಿಯುತ್ತದೆ. ಬಾವಿಯೊಳಕ್ಕೆ ಕೂಗು ಹಾಕಿ ಮರುದನಿಯಿಂದ ಆಳವನ್ನು ಊಹಿಸುವ ಹಾಗೆಯೇ ಇದು. ಇಂಥ ಸಾವಿರಾರು ಮಾರ್ದನಿಗಳ ದೂರವನ್ನೂ ಬಲವನ್ನೂ ಯಂತ್ರ ಲೆಕ್ಕಹಾಕಿ, ಬಲವಾದುದನ್ನು ಬಿಳಿಯ ಚುಕ್ಕೆಯಾಗಿಯೂ ದುರ್ಬಲವಾದುದನ್ನು ಬೂದು ಚುಕ್ಕೆಯಾಗಿಯೂ ಪರದೆಯ ಮೇಲೆ ಜೋಡಿಸಿ ಚಿತ್ರವನ್ನು ಮೂಡಿಸುತ್ತದೆ. ಮಾರ್ದನಿಯೇ ಇಲ್ಲದೆಡೆ ಕಪ್ಪಾಗಿ ಉಳಿಯುತ್ತದೆ.

ಮಾರ್ದನಿ ಹುಟ್ಟುವುದು ಎರಡು ಬೇರೆ ಬೇರೆ ವಸ್ತುಗಳು ಕೂಡುವ ಗಡಿಯಲ್ಲಿ. ಎರಡು ಮೆದುವಾದ ಅಂಗಗಳ ನಡುವಣ ಗಡಿಯಲ್ಲಿ ಶಬ್ದದ ಅತ್ಯಲ್ಪ ಭಾಗ ಮಾತ್ರ ಹಿಂದಿರುಗುತ್ತದೆ. ಉಳಿದುದು ಮುಂದೆ ಸಾಗಿ ಇನ್ನೂ ಆಳದ ಅಂಗಗಳ ಸುದ್ದಿಯನ್ನು ತರುತ್ತದೆ. ಮಾಂಸವೂ ಗಟ್ಟಿಯಾದ ಎಲುಬೂ ಕೂಡುವಲ್ಲಿಯಾದರೋ ನೂರರಲ್ಲಿ ಸುಮಾರು 40 ಪಾಲು ಅಲ್ಲಿಯೇ ಹಿಂದಿರುಗಿಬಿಡುತ್ತದೆ, ಒಳಹೊಕ್ಕ ಪಾಲನ್ನೂ ಎಲುಬು ಬಲುಬೇಗ ಹೀರಿಕೊಳ್ಳುತ್ತದೆ. ಮಾಂಸವೂ ಗಾಳಿಯೂ ಕೂಡುವಲ್ಲಿ ನೂರಕ್ಕೆ ನೂರರಷ್ಟು ಹಿಂದಿರುಗುತ್ತದೆಯೆಂದರೆ ಹೆಚ್ಚು ತಪ್ಪಾಗದು. ಶೋಧಕಕ್ಕೂ ಚರ್ಮಕ್ಕೂ ನಡುವೆ ಲೋಳೆಯಂಥ ಲೇಪವನ್ನು ಬಳಿಯುವುದು, ಅಲ್ಲಿ ಗಾಳಿ ಸಿಕ್ಕಿಕೊಳ್ಳದಿರಲೆಂದೇ.

ಈಗ ಆಮೆಯ ತೊಡಕು ಸ್ಪಷ್ಟವಾಗುತ್ತದೆ. ಬೆನ್ನಮೇಲೆ ಶೋಧಕವಿಟ್ಟರೆ ಎಲುಬಿನ ಚಿಪ್ಪು ಶಬ್ದವನ್ನು ತಡೆಯುತ್ತದೆ. ಹೇಗಾದರೂ ಅದನ್ನು ದಾಟಿದರೂ, ಬೆನ್ನುಚಿಪ್ಪಿಗೆ ಅಂಟಿದಂತೆ ಕೆಳಗಡೆ ಹಬ್ಬಿರುವುದು ಗಾಳಿ ತುಂಬಿದ ಶ್ವಾಸಕೋಶ. ಎಲುಬಿನ ಗೋಡೆ, ಅದರ ಹಿಂದೆ ಗಾಳಿಯ ಗೋಡೆ. ಹೊಟ್ಟೆಯ ಕಡೆಯಿಂದಲೂ ಎಲುಬು ತಪ್ಪಿದ್ದಲ್ಲ.

ಚಿಪ್ಪಿನ ಬಾಗಿಲುಗಳು

ಕೋಟೆ ಎಷ್ಟೇ ಗಟ್ಟಿಯಾದರೂ ಬಾಗಿಲಿಲ್ಲದ ಕೋಟೆಯಿಲ್ಲ. ತಲೆ, ಕಾಲು, ಬಾಲ ಇವನ್ನು ಹೊರಚಾಚಲು ಆಮೆಯ ಚಿಪ್ಪಿನಲ್ಲಿ ತೆರವುಗಳಿರಲೇಬೇಕು. ಆ ತೆರವುಗಳಲ್ಲಿ ಎಲುಬಿಲ್ಲದ ಮೆದುವಾದ ಚರ್ಮವಿದೆ. ವೈದ್ಯರು ಬಳಸುವುದು ಮುಖ್ಯವಾಗಿ ಎರಡು ಎಡೆಗಳನ್ನು. ಮೊದಲನೆಯದು, ಕುತ್ತಿಗೆಗೂ ಮುಂಗಾಲಿಗೂ ನಡುವಣ ಸಂದು. ಇಲ್ಲಿಂದ ಹೃದಯವನ್ನೂ ಪಿತ್ತಜನಕಾಂಗವನ್ನೂ ನೋಡಬಹುದು. ಎರಡನೆಯದು, ಹಿಂಗಾಲಿನ ಮುಂದುಗಡೆಯ ಕುಳಿ; ಇಲ್ಲಿಂದ ಮೂತ್ರಕೋಶ, ಮೂತ್ರಪಿಂಡ, ಅಂಡಾಶಯ, ಮೊಟ್ಟೆಗಳು ಕಾಣುತ್ತವೆ. ಎರಡು ಪಕ್ಕಗಳಲ್ಲಿಯೂ ಇಂಥ ಸಂದುಗಳಿರುವುದರಿಂದ ಒಟ್ಟು ನಾಲ್ಕು ಕಿಟಕಿಗಳಾದುವು.

ಚಿಕ್ಕ ಆಮೆಯಾದರೆ ಒಬ್ಬರು ಅದನ್ನು ನೆಟ್ಟಗೆ ಎತ್ತಿ ಹಿಡಿಯುತ್ತಾರೆ, ಅಥವಾ ಕಾಲುಗಳು ನೆಲಕ್ಕೆ ತಾಗದಂತೆ ಬೋರಲು ಹಾಕಿದ ಬಟ್ಟಲಿನ ಮೇಲೆ ಕೂರಿಸುತ್ತಾರೆ. ಹಿಂಗಾಲನ್ನು ಮೆಲ್ಲನೆ ಹಿಂದಕ್ಕೆ ಎಳೆದು ಹಿಡಿದಾಗ ಕುಳಿ ತೆರೆಯುತ್ತದೆ. ಶೋಧಕದ ಮುಖ ಕುಳಿಗಿಂತ ದೊಡ್ಡದಾಗಿದ್ದರೆ ಆಮೆಯ ಹಿಂಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ನೀರಿನ ಮೂಲಕವೇ ಶಬ್ದವನ್ನು ಹಾಯಿಸುವುದೂ ಉಂಟು. ಬಲಾತ್ಕಾರ ಸಲ್ಲದು, ಹೆದರಿದ ಆಮೆ ಕಾಲನ್ನು ಒಳಗೆಳೆದುಕೊಂಡರೆ ಕಿಟಕಿ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಅರಿವಳಿಕೆಯ ಅಗತ್ಯ ಬೀಳುವುದಿಲ್ಲ.

ಇನ್ನೂರು ಕಿಲೋಗ್ರಾಮಿಗೂ ಮೀರಿ ಬೆಳೆಯುವ ಗಲಪಗೋಸ್ ಆಮೆಯನ್ನು ಎತ್ತಿ ಹಿಡಿಯುವವರಾರು? ಇಲ್ಲಿ ಆಮೆಯ ಒಂದು ಸ್ವಭಾವವೇ ಸಹಾಯಕ್ಕೆ ಬರುತ್ತದೆ. ಆ ದ್ವೀಪಗಳಲ್ಲಿ ಫಿಂಚ್ ಎಂಬ ಪುಟ್ಟ ಹಕ್ಕಿಗಳು ಆಮೆಯ ಚರ್ಮದ ಮಡಿಕೆಗಳಲ್ಲಿರುವ ಉಣ್ಣೆಗಳನ್ನು ಹೆಕ್ಕಿ ತಿನ್ನುತ್ತವೆ. ಹಕ್ಕಿ ಎದುರಿಗೆ ಬಂದು ಕುಪ್ಪಳಿಸಿದೊಡನೆ ಆಮೆ ನಾಲ್ಕು ಕಾಲುಗಳನ್ನೂ ನೆಟ್ಟಗೆ ಊರಿ, ಕುತ್ತಿಗೆಯನ್ನು ಚಾಚಿ, ಅಲುಗಾಡದೆ ನಿಂತುಬಿಡುತ್ತದೆ. ಮೃಗಾಲಯಗಳಲ್ಲಿ ಪಾಲಕರು ಕುತ್ತಿಗೆಯನ್ನೂ ತೊಡೆಸಂದನ್ನೂ ಮೆಲ್ಲನೆ ತುರಿಸಿದರೆ ಅದು ಹಾಗೆಯೇ ನಿಲ್ಲುತ್ತದೆ. ಆಗ ಸಂದುಗಳೆಲ್ಲ ತೆರೆದುಕೊಳ್ಳುತ್ತವೆ. ವೈದ್ಯನ ಕೆಲಸ ಸುಲಭವಾಗುತ್ತದೆ.

ಪರದೆಯ ಮೇಲೆ ಕಾಣುವುದೇನು?

ಮುಂಗಾಲಿನ ಸಂದಿನಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಹೃದಯದ ಬಡಿತ. ಆಮೆಯ ಹೃದಯದಲ್ಲಿ ನಮ್ಮಲ್ಲಿರುವಂತೆ ನಾಲ್ಕಲ್ಲ, ಮೂರು ಕೋಣೆಗಳು. ಎರಡು ಮೇಲಣ ಕೋಣೆಗಳು, ಪೂರ್ತಿಯಾಗಿ ವಿಭಾಗವಾಗದ ಒಂದು ಕೆಳಗಣ ಕೋಣೆ. ಕವಾಟಗಳು ತೆರೆದು ಮುಚ್ಚುವುದನ್ನು ಸಜೀವವಾಗಿ ಕಾಣಬಹುದು. ಹೊರಗಿನಿಂದ ಕಲ್ಲಿನಂತೆ ನಿಶ್ಚಲವಾಗಿರುವ ಪ್ರಾಣಿ ಬದುಕಿದೆಯೇ ಸತ್ತಿದೆಯೇ ಎಂಬ ಸಂದೇಹ ಬಂದಾಗ ಇದರಿಂದ ಉತ್ತರ ದೊರೆಯುತ್ತದೆ.

ಹಿಂಗಾಲಿನ ಕುಳಿಯಿಂದ ನೋಡಿದರೆ ಮೂತ್ರಕೋಶ ಅಚ್ಚಗಪ್ಪಾಗಿ ತೋರುತ್ತದೆ. ಅಲ್ಲಿರುವುದು ಬರಿಯ ದ್ರವವಾದುದರಿಂದ ಮಾರ್ದನಿಯಿಲ್ಲ. ಒಣನಾಡಿನ ಆಮೆಗಳಿಗೆ ಮೂತ್ರಕೋಶವೇ ನೀರಿನ ಉಗ್ರಾಣವೂ ಹೌದು. ಅದರಲ್ಲಿ ಕಲ್ಲು ಬೆಳೆದಿದ್ದರೆ ಕಪ್ಪಿನ ನಡುವೆ ಬೆಳ್ಳನೆಯ ಗೆರೆಯಾಗಿ, ಹಿಂದೆ ನೆರಳು ಚೆಲ್ಲಿ, ತನ್ನನ್ನು ತೋರಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳ ನೋಟ ಅಂಡಾಶಯದ್ದು. ಹೆಣ್ಣಾಮೆಯ ಅಂಡಾಶಯದಲ್ಲಿ ಮೊದಲು ಚಿಕ್ಕ ಚಿಕ್ಕ ಕೋಶಿಕೆಗಳಿರುತ್ತವೆ. ಪಿತ್ತಜನಕಾಂಗದಲ್ಲಿ ತಯಾರಾದ ಭಂಡಾರದ ದ್ರವ್ಯ ರಕ್ತದ ಮೂಲಕ ಬಂದು ಅವುಗಳಲ್ಲಿ ತುಂಬಿದಂತೆ ಅವು ಉಬ್ಬಿ, ಪರದೆಯ ಮೇಲೆ ಬೂದುಬಣ್ಣದ ದುಂಡನೆಯ ಗೋಲಿಗಳಂತೆ ಕಾಣುತ್ತವೆ. ಬಲಿತ ಗೋಲಿ ಅಂಡಾಶಯವನ್ನು ಬಿಟ್ಟು ಅಂಡನಾಳಕ್ಕೆ ಇಳಿದ ಮೇಲೆ ಅದರ ಸುತ್ತ ಬಿಳಿಯ ಲೋಳೆಯೂ, ಕೊನೆಗೆ ಸುಣ್ಣದ ಕವಚವೂ ಕೂಡುತ್ತವೆ. ಆಗ ಚಿತ್ರ ಬೇರೆಯಾಗುತ್ತದೆ. ಹೊರಗೆ ಹೊಳೆಯುವ ಬಿಳಿಯ ಬಳೆ, ಒಳಗೆ ಕಪ್ಪು ಲೋಳೆ, ಅದರ ನಡುವೆ ಬೂದು ಭಂಡಾರ. ಗೋಲಿಗಳು ಎಷ್ಟಿವೆ, ಎಷ್ಟು ದಪ್ಪವಾಗಿವೆ, ಬೆಳೆಯುತ್ತಿವೆಯೇ ಅಥವಾ ಆಕಾರಗೆಟ್ಟು ಮತ್ತೆ ಕರಗಿಹೋಗುತ್ತಿವೆಯೇ ಎಂಬುದನ್ನು ವಾರವಾರವೂ ಅಳೆದು ಬರೆದಿಡಬಹುದು.

ಇದೇ ಕೆಲಸವನ್ನು ಎಕ್ಸ್ ಕಿರಣಗಳು ಮಾಡಲಾರವೇ ಎಂದು ಓದುಗರು ಕೇಳಬಹುದು. ಎಕ್ಸ್ ಕಿರಣದ ಚಿತ್ರದಲ್ಲಿ ಸುಣ್ಣದ ಕವಚ ಬಂದ ಮೊಟ್ಟೆಗಳು ಚೆನ್ನಾಗಿ ಕಾಣುತ್ತವೆ. ಎಣಿಸುವುದಕ್ಕೆ ಅದೇ ಉತ್ತಮ. ಆದರೆ ಕವಚವಿಲ್ಲದ ಗೋಲಿಗಳು ಅದರಲ್ಲಿ ಬೇರ್ಪಟ್ಟು ತೋರುವುದಿಲ್ಲ. ಮೊಟ್ಟೆಯಾದ ಮೇಲಿನ ಕಥೆಯನ್ನು ಎಕ್ಸ್ ಕಿರಣ ಹೇಳುತ್ತದೆ. ಮೊಟ್ಟೆ ಏಕೆ ಆಗಲಿಲ್ಲ ಎಂಬುದನ್ನು ಹೇಳಬೇಕಾದರೆ ಶಬ್ದವೇ ಬೇಕು. ಶ್ವಾಸಕೋಶದ ರೋಗದಲ್ಲಿ ಮಾತ್ರ ಶಬ್ದ ನಿಷ್ಪ್ರಯೋಜಕ. ಅಲ್ಲಿ ಎಕ್ಸ್ ಕಿರಣವನ್ನೇ ಆಶ್ರಯಿಸಬೇಕು.

ಜೌಗುನೆಲದ ಆಮೆಯ ಕಥೆ

ಮೊದಲಲ್ಲಿ ಸೂಚಿಸಿದ ಪ್ರಸಂಗಕ್ಕೆ ಈಗ ಬರೋಣ. ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದ ಸಮೀಪದಲ್ಲಿ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಕೆಲವು ಜೌಗುಗಳಲ್ಲಿ, ಒಂದು ಬಗೆಯ ಪುಟ್ಟ ಆಮೆ ವಾಸಿಸುತ್ತದೆ. ಅಂಗೈಯಗಲದ ಈ ಆಮೆಯ ಶಾಸ್ತ್ರೀಯ ನಾಮ ಸ್ಯುಡೆಮೈಡುರ ಅಂಬ್ರಿನ. 1839ರಲ್ಲಿ ಸಂಗ್ರಹಿಸಿದ ಒಂದು ಮಾದರಿ ವಿಯೆನ್ನದ ವಸ್ತುಸಂಗ್ರಹಾಲಯವನ್ನು ಸೇರಿತು. 1901ರಲ್ಲಿ ಅದಕ್ಕೆ ನಾಮಕರಣವಾಯಿತು. ಆಮೇಲೆ ಅರ್ಧ ಶತಮಾನ ಅದರ ಸುಳಿವೇ ಇಲ್ಲ. 1953ರಲ್ಲಿ ಪರ್ತ್‌ನ ಬಳಿ ಅದು ಮತ್ತೆ ಕಂಡುಬಂದಿತು. 1962ರಲ್ಲಿ ಎಲ್ಲೆನ್ ಬ್ರೂಕ್ ಮತ್ತು ಟ್ವಿನ್ ಸ್ವಾಂಪ್ಸ್ ಎಂಬ ಎರಡು ಜೌಗುಗಳನ್ನು ಅದಕ್ಕಾಗಿಯೇ ಮೀಸಲಿಟ್ಟರು. ಆದರೂ ಅದರ ಸಂಖ್ಯೆ ಇಳಿಯುತ್ತಲೇ ಹೋಗಿ, 1980ರ ದಶಕದಲ್ಲಿ ಹೊರಗಿನವೂ ಸೆರೆಯಲ್ಲಿದ್ದವೂ ಸೇರಿ ಐವತ್ತರಷ್ಟು ಮಾತ್ರ ಉಳಿದುವು. ಸೆರೆಯಲ್ಲಿದ್ದವು ಮರಿಮಾಡುವುದನ್ನೇ ನಿಲ್ಲಿಸಿದ್ದುವು.

ಈ ಆಮೆಗೆ ವರ್ಷಕ್ಕೆ ಒಂದೇ ಅವಕಾಶ. ಅಲ್ಲಿ ಮಳೆ ಬೀಳುವುದು ಜೂನ್ ಜುಲೈ ತಿಂಗಳುಗಳ ಚಳಿಗಾಲದಲ್ಲಿ. ಆಗ ಜೌಗುಗಳು ತುಂಬಿ, ಆಮೆ ನೀರಿನಲ್ಲಿ ಹುಳುಹುಪ್ಪಟೆಗಳನ್ನು ತಿಂದು ಕೊಬ್ಬುತ್ತದೆ. ನವೆಂಬರ್ ಡಿಸೆಂಬರ್ ಹೊತ್ತಿಗೆ ಮೂರರಿಂದ ಐದು ಮೊಟ್ಟೆಗಳನ್ನಿಟ್ಟು, ನೀರು ಬತ್ತಿದ ಮೇಲೆ ಬೇಸಗೆಯನ್ನೆಲ್ಲ ನೆಲದ ಬಿಲಗಳಲ್ಲಿ ಮಲಗಿ ಕಳೆಯುತ್ತದೆ. ಮಳೆ ಕಡಮೆಯಾದ ವರ್ಷ ಮೊಟ್ಟೆಯಿಡದೆಯೂ ಇರಬಹುದು.

ಗೆರಾಲ್ಡ್ ಕುಖ್ಲಿಂಗ್ ಎಂಬ ಪ್ರಾಣಿಶಾಸ್ತ್ರಜ್ಞನು ಈ ಆಮೆಗಳ ರಕ್ಷಣೆಗೆ ನಿಂತಾಗ ಶ್ರವಣಾತೀತ ಶಬ್ದವನ್ನು ಬಳಸಿದನು. ಸಜೀವವಾದ ಆಮೆಗಳ ಅಂಡಾಶಯವನ್ನು ಈ ವಿಧಾನದಿಂದ ಪರೀಕ್ಷಿಸುವ ಬಗೆಯನ್ನು ಅವನು 1989ರಲ್ಲಿ ಆಸ್ಟ್ರೇಲಿಯದ ಇನ್ನೊಂದು ಆಮೆಯ ವಿಷಯದಲ್ಲಿಯೂ ಪ್ರಕಟಿಸಿದ್ದಾನೆ. ಜೌಗುನೆಲದ ಹೆಣ್ಣಾಮೆಗಳನ್ನು ಹೀಗೆ ಮತ್ತೆ ಮತ್ತೆ ನೋಡಿದುದರಿಂದ ಗೋಲಿಗಳು ಎಂದು ಬೆಳೆಯುತ್ತವೆ, ಎಂದು ನಾಳಕ್ಕೆ ಇಳಿಯುತ್ತವೆ ಎಂಬುದು ತಿಳಿಯಿತು. ಹೀಗೆ ತಿಳಿದ ಮೇಲೆ ಆಮೆಗಳಿಗೆ ಕೊಡುವ ಆಹಾರವನ್ನೂ ಇರುವ ನೆಲೆಯನ್ನೂ ತಿದ್ದಿ, ಆ ತಿದ್ದುಪಡಿ ಫಲಿಸಿತೇ ಇಲ್ಲವೇ ಎಂದು ಮುಂದಿನ ಪರೀಕ್ಷೆಯಲ್ಲಿಯೇ ಕಾಣಬಹುದಾಗಿತ್ತು. ಒಂದು ವರ್ಷ ಕಾದು, ಮೊಟ್ಟೆ ಬರಲಿಲ್ಲವೆಂದು ನಿಟ್ಟುಸಿರಿಡಬೇಕಾಗಿರಲಿಲ್ಲ. 1980ರ ದಶಕದ ಕೊನೆಯಿಂದ ಪರ್ತ್ ಮೃಗಾಲಯದಲ್ಲಿ ಮರಿಗಳು ಹುಟ್ಟತೊಡಗಿದುವು. ಈವರೆಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮರಿಗಳು ಹುಟ್ಟಿವೆ. ಬೆಳೆದವನ್ನು ಜೌಗುಗಳಿಗೆ ಬಿಡುತ್ತ ಬಂದಿದ್ದಾರೆ.

ಅರಿವಿನ ಎಲ್ಲೆ

ಆದರೆ ಯಂತ್ರವೊಂದಿದ್ದರೆ ಸಾಕೆಂದು ನಾವು ಭ್ರಮಿಸಬಾರದು. ಚೀನ ಮತ್ತು ವಿಯೆಟ್ನಾಮುಗಳಿಗೆ ಸೇರಿದ ಯಾಂಗ್ಟ್ಸಿ ನದಿಯ ಮೆದುಚಿಪ್ಪಿನ ದೈತ್ಯ ಆಮೆ ಜಗತ್ತಿನ ಅತಿ ವಿರಳವಾದ ಪ್ರಾಣಿಗಳಲ್ಲೊಂದು. ಚೀನದ ಸುಜೌ ಮೃಗಾಲಯದಲ್ಲಿದ್ದ ಹೆಣ್ಣು 2019ರ ಏಪ್ರಿಲ್‌ನಲ್ಲಿ ಸತ್ತಿತು; ಅಲ್ಲಿ ಗಂಡೊಂದೇ ಉಳಿಯಿತು. 2020ರ ಅಕ್ಟೋಬರ್‌ನಲ್ಲಿ ವಿಯೆಟ್ನಾಮಿನ ಹನೋಯ್ ಸಮೀಪದ ಡಾಂಗ್ ಮೊ ಸರೋವರದಲ್ಲಿ 86 ಕಿಲೋಗ್ರಾಮ್ ತೂಕದ ಒಂದು ಆಮೆಯನ್ನು ಹಿಡಿದರು. ಶ್ರವಣಾತೀತ ಶಬ್ದದ ಪರೀಕ್ಷೆಯಿಂದ ಅದು ಹೆಣ್ಣೆಂದು ಖಚಿತವಾದಾಗ ಜಗತ್ತಿನ ಪ್ರಾಣಿಪ್ರಿಯರೆಲ್ಲ ಹಿಗ್ಗಿದರು. ಪರೀಕ್ಷೆ ಮುಗಿಸಿ ಅದನ್ನು ಸರೋವರಕ್ಕೇ ಬಿಟ್ಟರು. ಅದಕ್ಕೊಂದು ಜೊತೆ ದೊರಕುವ ಮೊದಲೇ, 2023ರ ಏಪ್ರಿಲ್‌ನಲ್ಲಿ, ಅದು ಸತ್ತು ತೇಲಿತು. ಶಬ್ದ ತಿಳಿಸಿದ ಸುದ್ದಿ ನಿಜವೇ ಆಗಿತ್ತು. ಸುದ್ದಿ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಪರ್ತ್‌ನಲ್ಲಿ ಐವತ್ತಾದರೂ ಉಳಿದಿದ್ದುವು, ಅವುಗಳಿಗೆ ಮೀಸಲಾದ ಜೌಗುಗಳಿದ್ದುವು. ಆದುದರಿಂದ ಅಲ್ಲಿ ಅರಿವು ಫಲಕೊಟ್ಟಿತು.

ನಮ್ಮ ನಾಡಿನ ಕುರುಚಲು ಕಾಡುಗಳಲ್ಲಿಯೂ ಬೆನ್ನಮೇಲೆ ಹಳದಿ ಕಿರಣಗಳ ಚಿತ್ತಾರವುಳ್ಳ ನಕ್ಷತ್ರ ಆಮೆ ಇದೆ. ಅದನ್ನು ಹಿಡಿದು ಮಾರುವುದು ಕಾನೂನಿಗೆ ವಿರುದ್ಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ಆದರೂ ಕಳ್ಳಸಾಗಣೆ ನಿಂತಿಲ್ಲ. ವಶಪಡಿಸಿಕೊಂಡ ಆಮೆಗಳಲ್ಲಿ ಯಾವುದು ಮೊಟ್ಟೆ ಹೊತ್ತಿದೆ, ಯಾವುದರ ಮೂತ್ರಕೋಶದಲ್ಲಿ ಕಲ್ಲಿದೆ ಎಂಬುದನ್ನು ವೈದ್ಯರು ಈ ಶಬ್ದದಿಂದ ಅರಿಯಬಹುದು. ಅವು ಹಿಂದಿರುಗಲು ಕುರುಚಲು ಕಾಡು ಉಳಿದಿರಬೇಕು. ಆ ಕೆಲಸವನ್ನು ಯಾವ ಯಂತ್ರವೂ ನಮ್ಮ ಪರವಾಗಿ ಮಾಡಲಾರದು.